ಹುಳದ ಮನೆಗೆ ಯಾರು ಬಂದಿದ್ದರು?

ಮೊನ್ನೆ ಸಂಜೆ ಎದುರುಮನೆಯ ಆಂಟಿ ಸಾಂಬ್ರಾಣಿ ಹಾಕಿದ ಕೆಂಡದ ಬಟ್ಟಲು ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ನಮ್ಮ ಮಗಳಿಗೆ ದೃಷ್ಟಿ ತಗುಲಿದೆಯಂತೆ, ಮೂಲೆಮೂಲೆಗೂ ಹೊಗೆ ತೋರಿಸಿದರೆ ಬಿಡುತ್ತದಂತೆ. ಅವರು ಹೊಸ್ತಿಲು ದಾಟಿದ್ದೇ ತಡ, ನನ್ನ ಬಾಯಿಂದ ನನಗೇ ಗೊತ್ತಿಲ್ಲದಂತೆ, "ಅಯ್ಯೋ, ಹುಳದ ಮನೆ ಬಾಗ್ಲು ಹಾಕಿ!" ಎಂದು ಬಂದುಬಿಟ್ಟಿತು. ಆಂಟಿ ಬೆಚ್ಚಿ ನಿಂತರು. ಚಿಕ್ಕಬಳ್ಳಾಪುರದ ಈ ಮಹಡಿಯ ಬಾಡಿಗೆ ಮನೆಯಲ್ಲಿ ಎಲ್ಲಿಯ ಹುಳ, ಎಲ್ಲಿಯ ಹುಳದ ಮನೆ? ಇರುವುದು ಎರಡು ರೂಮು, ಸ್ಕಂದಗಿರಿಯ ಕಡೆಗೊಂದು ಕಿಟಕಿ, ಫ್ರಿಜ್ಜಿನ ಬಾಗಿಲಲ್ಲಿ ಉಪ್ಪಿನಕಾಯಿ ಬಾಟಲಿಯ ಪಕ್ಕ ಮಗಳ ಇನ್ಸುಲಿನ್. ಆಂಟಿಗೆ ನಾನು ಏನೋ ಒಂದು ಹೇಳಿ ನಕ್ಕೆ. ಮಗಳ ಚಿಂತೆಯಲ್ಲಿ ತಾಯಿಗೆ ತಲೆ ಕೆಟ್ಟಿದೆ ಎಂದು ಅವರು ಅಂದುಕೊಂಡಿರಬೇಕು, ಇಷ್ಟು ಹೊತ್ತಿಗೆ ಕೆಳಗಿನ ಮನೆಯವರಿಗೂ ಗೊತ್ತಾಗಿರಬೇಕು.

ಮಗಳು ಹರ್ಷಿತಾ ಏಳನೇ ಕ್ಲಾಸು. ಈ ಬೇಸಿಗೆಯಲ್ಲಿ ಅವಳು ಕೊಡಗಟ್ಟಲೆ ನೀರು ಕುಡಿಯತೊಡಗಿದಳು, ಇಳಿದುಹೋದಳು. ಮಕ್ಕಳಿಗೆ ಬರುವ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಡಾಕ್ಟರು ನಿಧಾನವಾಗಿ ಹೇಳಿದರು: ಸಿಹಿ ತಿಂದದ್ದಕ್ಕೆ ಬಂದದ್ದಲ್ಲ, ನಿಮ್ಮ ತಪ್ಪಲ್ಲ, ಅವಳ ತಪ್ಪಂತೂ ಅಲ್ಲವೇ ಅಲ್ಲ, ಯಾಕೆ ಬಂತು ಎಂದು ತಲೆ ಕೆಡಿಸಿಕೊಳ್ಳುವ ಬದಲು ಸೂಜಿ ಹಾಕುವುದನ್ನು ಕಲಿಯಿರಿ. ಕಲಿತೆ. ಆದರೆ ಯಾಕೆ ಎಂದು ಹುಡುಕಬೇಡಿ ಅಂದರೆ ಬಿಡುವ ಜನವೇ ನಾವು?

ಬಂದವರೆಲ್ಲ ಒಂದೊಂದು ಕಾರಣ ತಂದರು. ಒಬ್ಬರು ಹಿಂದಿನ ಜನ್ಮಕ್ಕೆ ಹೋದರು. ಮಂಡಿಕಲ್ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವ ನನ್ನ ಸಹೋದ್ಯೋಗಿಯೊಬ್ಬರು, ದೇವರು ತನಗೆ ಬೇಕಾದವರನ್ನೇ ಪರೀಕ್ಷೆ ಮಾಡುತ್ತಾನೆ ಎಂದರು. ನಮ್ಮ ಯಜಮಾನರ ಚಿಕ್ಕಪ್ಪ, "ಇದ್ರಿಂದ ಹುಡುಗಿ ಗಟ್ಟಿ ಆಗ್ತಾಳೆ ಬಿಡಮ್ಮ" ಎಂದು ಬೆನ್ನು ತಟ್ಟಿದರು. ಗಟ್ಟಿಯಾಗಲು ನಮ್ಮ ಹುಡುಗಿ ಅರ್ಜಿ ಹಾಕಿರಲಿಲ್ಲವಲ್ಲ! ನಾನು ಅವರ ಮಾತಿಗಿಂತ ಅವರ ಮುಖವನ್ನೇ ಹೆಚ್ಚು ನೋಡುತ್ತಿದ್ದೆ. ನೀವೂ ಒಮ್ಮೆ ಗಮನಿಸಿ ನೋಡಿ. ಕಾರಣ ಹೇಳಿ ಮುಗಿಸಿದ ಮೇಲೆ ಅವರ ಮುಖದಲ್ಲೊಂದು ನೆಮ್ಮದಿ ಬರುತ್ತದೆ. ಕಾರಣ ನಮ್ಮ ಮನೆಯಲ್ಲಿ ಸಿಕ್ಕಿತು ಅಂದಮೇಲೆ ಅವರ ಮನೆಯಲ್ಲಿ ಇಲ್ಲ ಎಂದಾಯಿತಲ್ಲ, ಇನ್ನು ಅವರು ನಿಶ್ಚಿಂತೆಯಾಗಿ ಕಾಫಿ ಕುಡಿಯಬಹುದು.

ಇಷ್ಟು ಕೆಟ್ಟ ಬುದ್ಧಿ ನಿನಗೆಲ್ಲಿಂದ ಬಂತು ಎಂದು ಕೇಳಿದರೆ, ದೊಡ್ಡಮ್ಮನಿಂದ ಎನ್ನುತ್ತೇನೆ. ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಶಿಡ್ಲಘಟ್ಟದಲ್ಲಿ ಪಿಯುಸಿ ಓದುವಾಗ ನಾನಿದ್ದದ್ದು ಸಾದಲಿ ಹತ್ತಿರದ ಅವರ ಊರಿನಲ್ಲಿ, ಅವರ ಮನೆಯಲ್ಲಿ. ಆ ಮನೆಗೆ ಅಂಟಿಕೊಂಡಂತೆ ರೇಷ್ಮೆಹುಳ ಸಾಕುವ ಇನ್ನೊಂದು ಉದ್ದನೆಯ ಮನೆ. ಅದರ ಬಾಗಿಲಿಗೆ ಬೇವಿನ ಸೊಪ್ಪು, ಮೆಣಸಿನಕಾಯಿ, ಹಳೆಯ ಚಪ್ಪಲಿ ಒಂದು, ಮತ್ತು ಇವೆಲ್ಲಕ್ಕಿಂತ ಬಲವಾದ ಕಾವಲು ದೊಡ್ಡಮ್ಮ.

ಹುಳ ಇದ್ದಾಗ ಅಲ್ಲಿ ಊದುಬತ್ತಿ ಕೂಡದು, ಸೊಳ್ಳೆಬತ್ತಿ ಕೂಡದು, ಮಲ್ಲಿಗೆ ಮುಡಿದವರು ಹತ್ತಿರ ಸುಳಿಯಕೂಡದು. ಹುಳಕ್ಕೆ ವಾಸನೆ ಆಗುವುದಿಲ್ಲ. ನನ್ನ ಪೌಡರ್ ಡಬ್ಬಿ ತೋಟದ ಪಂಪ್‌ಹೌಸಿನಲ್ಲಿ ವಾಸವಾಗಿತ್ತು. ಬೆಳಗ್ಗೆ ಬಸ್ಸಿಗೆ ಮುಂಚೆ ಅಲ್ಲಿಗೆ ಓಡಿ ಮುಖಕ್ಕೆ ಬಳಿದುಕೊಂಡು ಬರುತ್ತಿದ್ದೆ. ವಯಸ್ಸಿಗೆ ಬಂದ ಹುಡುಗಿ ದಿನಾ ಪಂಪ್‌ಹೌಸಿಗೆ ಹೋಗಿ ಮುಖ ಬೆಳ್ಳಗೆ ಮಾಡಿಕೊಂಡು ಬರುವುದನ್ನು ಕಂಡವರು ಏನೇನು ಅಂದುಕೊಂಡರೋ ಕಾಣೆ. ಇನ್ನು ಹುಳವನ್ನು ಹೊಗಳುವುದಂತೂ ಮಹಾಪರಾಧ. "ಹುಳ ಹೆಂಗವೆ?" ಎಂದು ಯಾರಾದರೂ ಕೇಳಿದರೆ "ಏನೋ, ಅವೆ" ಎನ್ನಬೇಕು, ಅಷ್ಟೆ. ಒಮ್ಮೆ ದೊಡ್ಡಮ್ಮನ ಒಡಹುಟ್ಟಿದ ತಮ್ಮನೇ ಒಳಗೆ ಇಣುಕಿ, "ಎಂಥಾ ದಪ್ಪ ಅವೆ ಅಕ್ಕಯ್ಯ!" ಎಂದುಬಿಟ್ಟ. ಆ ಸಲದ ಬೆಳೆ ಕೆಟ್ಟಿತು. ಆ ವರ್ಷ ಅವನನ್ನು ಹಬ್ಬಕ್ಕೆ ಕರೆಯಲಿಲ್ಲ.

ಬೆಳೆ ಕೆಟ್ಟಾಗಲೆಲ್ಲ ದೊಡ್ಡಮ್ಮ ಅಂಗಳದ ನಡುವೆ ನಿಂತು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಯಾರು ಬಂದಿದ್ರು?" ಯಾರಾದರೊಬ್ಬರು ಬಂದೇ ಇರುತ್ತಿದ್ದರು. ಸಿಲಿಂಡರಿನವನು, ಅಂಗನವಾಡಿ ಟೀಚರು, ದಾರಿ ತಪ್ಪಿದ ದೂರದ ನೆಂಟ. ದೊಡ್ಡಪ್ಪ ಮೆತ್ತಗಿನ ಮನುಷ್ಯ. "ಸೊಪ್ಪು ಒದ್ದೆ ಇತ್ತು ಕಣೇ, ಸೆಕೆ ಬೇರೆ, ಅದಕ್ಕೇ ರೋಗ ಬಂತು" ಎನ್ನುತ್ತಿದ್ದರು. ದೊಡ್ಡಮ್ಮ ಅವರ ಮೇಲೇ ಹಾಯುತ್ತಿದ್ದಳು: "ಸೊಪ್ಪನ್ನ ಬೈಯೋಕಾಗುತ್ತಾ? ಸೆಕೆ ಮೇಲೆ ಸಿಟ್ಟು ಮಾಡ್ಕೊಂಡು ಎಲ್ಲಿಗೆ ಹೋಗಣ?" ಆಗ ನಮಗೆ ನಗು ಬರುತ್ತಿತ್ತು. ಈಗ ಯೋಚಿಸಿದರೆ, ದೊಡ್ಡಮ್ಮನಿಗೆ ಹುಳ ಸತ್ತದ್ದಕ್ಕಿಂತ ಅವು ಸುಮ್ಮಸುಮ್ಮನೆ ಸತ್ತವು ಎಂಬುದನ್ನು ತಡೆದುಕೊಳ್ಳಲು ಆಗುತ್ತಿರಲಿಲ್ಲ ಅನ್ನಿಸುತ್ತದೆ.

ನಾನು ಎರಡನೇ ಪಿಯುಸಿಯಲ್ಲಿದ್ದಾಗ ದೊಡ್ಡಮ್ಮನ ಮಗಳು ರತ್ನಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಮಗು ಆಸ್ಪತ್ರೆಯಲ್ಲಿ ಹುಟ್ಟಿತು, ಉಸಿರಾಡಲಿಲ್ಲ. ಗಂಡುಮಗು. ಬರಿಗೈಯಲ್ಲಿ ಮನೆಗೆ ಬಂದ ರತ್ನಕ್ಕನಿಗೆ ಬಾಣಂತಿಗೆ ಮಾಡುವುದನ್ನೆಲ್ಲ ಮಾಡಿದರು. ಮೈಗೆ ಎಣ್ಣೆ, ಸುಡುಸುಡು ನೀರು, ಒದ್ದೆ ಕೂದಲಿಗೆ ಸಾಂಬ್ರಾಣಿ ಹೊಗೆ. ಹುಳ ಆಗ ನಾಲ್ಕನೇ ಜ್ವರ ಕಳೆದು ಎದ್ದಿದ್ದವು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಹಗಲೂ ರಾತ್ರಿ ತಿನ್ನುವ ಕಾಲ. ಅದಕ್ಕೇ ಸಾಂಬ್ರಾಣಿಯನ್ನು ಹಿತ್ತಲಿನ ಆಚೆ ತುದಿಯಲ್ಲಿ, ಹಸುವಿನ ಕೊಟ್ಟಿಗೆಯಲ್ಲಿ ಹಾಕುತ್ತಿದ್ದರು. ತಾಯಿಗೆ ಮಗಳು ಒಂದು ಕಡೆ, ಹುಳ ಒಂದು ಕಡೆ. ಪುರುಡಿನ ಹೆಂಗಸು ಹುಳದ ಮನೆಯ ಹತ್ತಿರ ಬರಬಾರದು ಎಂಬುದನ್ನು ಹೊಸದಾಗಿ ಯಾರೂ ಹೇಳಬೇಕಿರಲಿಲ್ಲ.

ಕಾರಣ ಹೇಳುವವರು ಅಲ್ಲಿಗೂ ಬಂದರು. ರತ್ನಕ್ಕ ಪರಂಗಿಹಣ್ಣು ತಿಂದಿದ್ದಳಾ? ಗ್ರಹಣದಲ್ಲಿ ಮಲಗಿದ್ದಳಾ? ಹುಣಸೆಮರದ ಕೆಳಗೆ ನಿಂತಿದ್ದಳಾ? ಪಾಪದ ರತ್ನಕ್ಕ ಒಂದೊಂದಕ್ಕೂ ಹೌದಿರಬೇಕು, ಹೌದಿರಬೇಕು ಎನ್ನುತ್ತಿದ್ದಳು. ದೊಡ್ಡಪ್ಪನ ತಂಗಿ ಸರೋಜಮ್ಮ ಚಿಂತಾಮಣಿಯಿಂದ ಬಂದಳು. ಯಾವುದೋ ಮದುವೆ ಮುಗಿಸಿಕೊಂಡು ನೇರ ಬಂದವಳು, ಮೈಮೇಲೆ ಜರಿ ಅಂಚಿನ ರೇಷ್ಮೆ ಸೀರೆ. ಅವಳ ಗಂಡನ ಮನೆಯಲ್ಲಿ ತೆಲುಗು, ದುಃಖವೂ ತೆಲುಗಿನಲ್ಲೇ ಶುರುವಾಗುತ್ತಿತ್ತು. "ಏಮಿ ಖರ್ಮಮೋ ಅತ್ತಿಗೆ! ಇಷ್ಟೊಂದು ಜೀವಾನ ಕುದಿಯೋ ನೀರಿಗೆ ಕಳಿಸೋ ಮನೆ. ಅವುಗಳ ಶಾಪ ಎಲ್ಲಿಗೆ ಹೋಗ್ತದೆ ಹೇಳು?"

ದೊಡ್ಡಮ್ಮ ಅಕ್ಕಿ ಆರಿಸುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಊರಲ್ಲೆಲ್ಲಾರೂ ಹುಳ ಸಾಕ್ತಾರೆ ಸರೋಜಾ. ಎಲ್ಲಾರ ಮನೇಲೂ ತೊಟ್ಲು ತೂಗ್ತಾವ್ರೆ. ಶಾಪ ನಮ್ಮ ಮನೆ ಒಂದರ ದಾರಿ ಕೇಳ್ಕೊಂಡು ಬಂತಾ?" ಆಮೇಲೆ ತಲೆ ಎತ್ತಿ ಆ ಸೀರೆಯನ್ನು ಮೇಲಿಂದ ಕೆಳಗೆ ನೋಡಿ, "ಬಾ, ಪಾಪ ಹಂಚ್ಕೊಳಣ. ಸೆರಗಿನ ಪಾಲು ನೀನಿಟ್ಕೊ" ಎಂದಳು. ಸರೋಜಮ್ಮ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಹೋದವಳು ಊರಿಗೆ ಹೋಗಲಿಲ್ಲ, ಅತ್ತಿಗೆಗೆ ಆಸರೆಯಾಗಿರುತ್ತೇನೆ ಎಂದು ಉಳಿದುಕೊಂಡಳು.

ಒಂದು ಮಧ್ಯಾಹ್ನ ಕಾಲೇಜಿನಿಂದ ಬೇಗ ಬಂದವಳು ಹುಳದ ಮನೆಯ ಬಾಗಿಲು ಸ್ವಲ್ಪ ತೆರೆದಿರುವುದನ್ನು ಕಂಡೆ. ಎಲ್ಲರೂ ಸೊಪ್ಪಿಗೆ ತೋಟಕ್ಕೆ ಹೋಗಿದ್ದರು. ಒಳಗೆ, ಸಾಲು ತಟ್ಟೆಗಳ ನಡುವೆ ನೆಲದ ಮೇಲೆ, ರತ್ನಕ್ಕ ಕೂದಲು ಬಿಟ್ಟುಕೊಂಡು ಕೂತಿದ್ದಳು. ಕೂದಲಿಂದ ಸಾಂಬ್ರಾಣಿ ಘಮ್ಮೆನ್ನುತ್ತಿತ್ತು. "ರತ್ನಕ್ಕ, ದೊಡ್ಡಮ್ಮ ನೋಡಿದ್ರೆ..." ಎಂದೆ. ಅವಳು ತಟ್ಟೆಯ ಕಡೆ ಕೈ ತೋರಿಸಿದಳು. ಹುಳಗಳು ಸೊಪ್ಪು ಮೆಲ್ಲುವ ಸದ್ದು ಮನೆಯ ತುಂಬ. "ಇವು ಏನೂ ಹೇಳಲ್ಲ ಕಣೇ. ತಿಂತಾವೆ, ಅಷ್ಟೆ" ಎಂದಳು. ನಾನು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿ ಬಂದೆ.

ಇನ್ನೇನು ಹುಳ ಹಣ್ಣಾಗಬೇಕು, ಗೂಡು ಕಟ್ಟಲು ಬಿದಿರಿನ ಚಂದ್ರಂಕಿ ತಟ್ಟಿಗೆ ಬಿಡಬೇಕು ಎನ್ನುವ ಹೊತ್ತಿಗೆ ಹಾಲುರೋಗ ಬಂತು. ಹುಳಗಳು ಊದಿಕೊಂಡು, ತಟ್ಟೆಯ ಅಂಚಿಗೆ ಹತ್ತಿ, ಮೈಯಿಂದ ಹಾಲಿನಂಥ ನೀರು ಸುರಿಸಿ ತಲೆಕೆಳಗಾಗಿ ಜೋತವು. ಬೆಳಗ್ಗೆ ಬಾಗಿಲು ತೆರೆದ ದೊಡ್ಡಮ್ಮ ಹಾಗೆಯೇ ಅಂಗಳಕ್ಕೆ ಬಂದು ನಿಂತಳು. ಅಕ್ಕಪಕ್ಕದ ಹೆಂಗಸರು ಸೇರಿದರು. ಎಲ್ಲರಿಗೂ ಗೊತ್ತಿತ್ತು, ಈಗ ಆ ಪ್ರಶ್ನೆ ಬರುತ್ತದೆ. ಬರಲಿಲ್ಲ. ಕೊನೆಗೆ ಸರೋಜಮ್ಮನೇ ಒಳಗೆ ಹೋಗಿ ಮೂಗು ಎಳೆದು ಬಂದಳು. "ಸಾಂಬ್ರಾಣಿ ವಾಸ್ನೆ ಬರ್ತೈತಲ್ಲ ಅತ್ತಿಗೆ ಒಳಗೆ! ಯಾರು ಬಂದಿದ್ರು ಕೇಳು."

ಎಲ್ಲರೂ ರತ್ನಕ್ಕನ ಕಡೆ ತಿರುಗಿದರು. ಅವಳು ನಡುಮನೆಯ ಬಾಗಿಲು ಹಿಡಿದು ನಿಂತಿದ್ದಳು. "ನಾನೇ ಕಣಮ್ಮ. ದಿನಾ ಹೋಗ್ತಿದ್ದೆ. ನಾನು ಹತ್ರ ಇದ್ರೆ ಯಾವ್ದೂ ಬದುಕಲ್ಲ" ಎಂದಳು. ಅದನ್ನು ಅಳುತ್ತಾ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಲೆಕ್ಕ ಒಪ್ಪಿಸಿದ ಹಾಗೆ, ತಣ್ಣಗೆ ಹೇಳಿದಳು. ಈಗ ದೊಡ್ಡಮ್ಮ ಒಂದು ಮಾತು ಅಂದರೆ ರತ್ನಕ್ಕ ಅದನ್ನು ಬದುಕಿರುವವರೆಗೂ ಹೊತ್ತುಕೊಂಡಿರುತ್ತಾಳೆ ಎಂಬುದು ನನ್ನಂಥ ಹುಡುಗಿಗೂ ತಿಳಿಯಿತು.

ದೊಡ್ಡಮ್ಮ ಮಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಸರೋಜಮ್ಮನ ಕಡೆ ತಿರುಗಿ, ಊರಿಗೆಲ್ಲ ಕೇಳುವಂತೆ ಹೇಳಿದಳು: "ಯಾರೂ ಬಂದಿರ್ಲಿಲ್ಲ."

"ಅವಳೇ ಹೇಳ್ತಾವ್ಳಲ್ಲ ಅತ್ತಿಗೆ..."

"ಯಾರೂ ಬಂದಿರ್ಲಿಲ್ಲ ಅಂದೆ. ಹುಳಕ್ಕೆ ರೋಗ ಬಂತು, ಸತ್ತೋದ್ವು. ಮಗು ಉಸಿರಾಡ್ಲಿಲ್ಲ, ಹೋಯ್ತು. ನಮ್ಮನೆಗೆ ಯಾರೂ ಬಂದಿರ್ಲಿಲ್ಲ." ಆಮೇಲೆ ಮಗಳಿಗೆ, "ಬಾರಮ್ಮ ರತ್ನ, ತಟ್ಟೆ ಆ ಕಡೆ ಹಿಡ್ಕೊ, ನನ್ನೊಬ್ಬಳ ಕೈಲಿ ಆಗಲ್ಲ" ಎಂದಳು. ಮಗು ಹೋದ ಮೇಲೆ ರತ್ನಕ್ಕ ಜೋರಾಗಿ ಅತ್ತದ್ದನ್ನು ನಾನು ಕೇಳಿದ್ದು ಅವತ್ತೇ, ಆ ತಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಾಗ. ತಾಯಿ ಮಗಳು ಇಬ್ಬರೂ ಸೇರಿ ಸತ್ತ ಹುಳವನ್ನೆಲ್ಲ ಗುಂಡಿಗೆ ಹಾಕಿ ಸುಣ್ಣ ಚೆಲ್ಲಿದರು.

ಇಲ್ಲಿಗೆ ದೊಡ್ಡಮ್ಮ ಬದಲಾದಳು ಎಂದು ನೀವು ಅಂದುಕೊಂಡರೆ ಮೋಸ ಹೋದಿರಿ. ಮುಂದಿನ ಬೆಳೆ ಸ್ವಲ್ಪ ಕೈಕೊಟ್ಟಾಗ ಕರೆಂಟಿನ ಮೀಟರ್ ನೋಡಲು ಬಂದ ಹುಡುಗನ ಏಳು ತಲೆಮಾರನ್ನೂ ಜಾಲಾಡಿದಳು. ರತ್ನಕ್ಕ ಈಗ ಗೌರಿಬಿದನೂರಿನಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಆ ದುಃಖದಿಂದ ತಾನು ಏನೋ ಕಲಿತೆ ಎಂದು ಅವಳು ಒಂದು ದಿನವೂ ಹೇಳಿದ್ದಿಲ್ಲ. ನನಗಿರುವ ಅನುಮಾನವೇ ಬೇರೆ. ದೊಡ್ಡಮ್ಮನಿಗೆ ಆ ಬೆಳಗ್ಗೆ ಒಳಗೊಳಗೆ ಮಗಳ ಮೇಲೆ ಅನುಮಾನ ಇದ್ದೇ ಇತ್ತು. ಆ ಕಣ್ಣು ನಾನು ಕಂಡಿದ್ದೇನೆ, ಬೆಳೆ ಕೆಟ್ಟಾಗ ಬಂದುಹೋದವರನ್ನು ನೋಡುತ್ತಿದ್ದ ಅದೇ ಕಣ್ಣು. ಅನುಮಾನ ಇಟ್ಟುಕೊಂಡೇ ಆ ಮಾತು ಆಡಿದಳು. ಅದಕ್ಕೇ ನನಗೆ ಆ ಮಾತಿನ ಮೇಲೆ, ಆ ಒಂದು ಮಾತಿನ ಮೇಲೆ ಮಾತ್ರ, ನಂಬಿಕೆ.

ಮೊನ್ನೆ ಆಂಟಿ ಹೋದ ಮೇಲೆ ಹೊಗೆ ಮನೆಯಲ್ಲೇ ಸುತ್ತುತ್ತಿತ್ತು. ನಾನು ಕಿಟಕಿ ತೆರೆಯುತ್ತಿದ್ದೆ. ಹರ್ಷಿತಾ ಹಿಂದೆ ಬಂದು ನಿಂತಳು. "ಅಮ್ಮ, ಬೈಬೇಡ. ಯುಗಾದಿ ದಿನ ನೀವೆಲ್ಲ ಮಲಗಿದ್ದಾಗ ಒಬ್ಬಟ್ಟು ತಗೊಂಡು ಬಾಗ್ಲು ಹಿಂದೆ ನಿಂತ್ಕೊಂಡು ತಿಂದಿದ್ದೆ. ತುಂಬಾ ತಿಂದೆ. ಅದಕ್ಕೇನಾ?"

ಬೇಸಿಗೆಯಿಂದ ಇಷ್ಟು ದಿನ ಈ ಮಗು ಅದನ್ನು ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿತ್ತು. ಡಾಕ್ಟರು ಹೇಳಿದ್ದನ್ನೆಲ್ಲ ಮತ್ತೆ ಹೇಳಬಹುದಿತ್ತು. ಅವಳೂ ಅಲ್ಲೇ ಕೂತು ಎಲ್ಲ ಕೇಳಿಸಿಕೊಂಡವಳೇ. ನಾನೂ ಕೇಳಿಸಿಕೊಂಡಿದ್ದೆ, ಆದರೂ ನನ್ನ ಬಳಿ ಅನುಮಾನದ ಸಾಲೇ ಇತ್ತು: ಅವಳ ಹುಟ್ಟುಹಬ್ಬದ ದಿನ ನಮ್ಮ ನಾದಿನಿ ನೋಡಿದ ನೋಟ, ಡ್ಯೂಟಿಗೆ ತಡವಾಗುತ್ತದೆಂದು ನಾನು ಅಂಗಡಿಯಿಂದ ತಂದು ತಿನ್ನಿಸಿದ ಬನ್ನು, ಬಸುರಿಯಾಗಿದ್ದಾಗ ನನಗೆ ಬಂದ ಜ್ವರ.

"ಯಾರೂ ಬಂದಿರ್ಲಿಲ್ಲ ಕಣಮ್ಮ" ಎಂದೆ.

"ಏನು? ಯಾರು?"

"ಒಬ್ಬಟ್ಟಿಗೆ ಬಂದಿದ್ದಲ್ಲ. ನಿನ್ನಿಂದ ಬಂದಿದ್ದಲ್ಲ. ಕಾಯಿಲೆ ಬಂತು, ಅಷ್ಟೆ."

ಅವಳು ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. ಕಂಡೇ ಇರದ ಆ ದೊಡ್ಡಮ್ಮನ ನೋಟ ಇವಳಿಗೆ ಎಲ್ಲಿಂದ ಬಂತೋ. "ನಿಜ್ವಾಗ್ಲೂ? ನಿನ್ನಿಂದಾನೂ ಬಂದಿದ್ದಲ್ವಾ?"

ಬೇಸಿಗೆಯಿಂದ ರತ್ನಕ್ಕನ ಹಾಗೆ ನಡುಮನೆಯ ಬಾಗಿಲು ಹಿಡಿದುಕೊಂಡು ನಾನೂ ನಿಂತೇ ಇದ್ದೆ ಎಂದು ಆಗ ಗೊತ್ತಾಯಿತು.

"ನನ್ನಿಂದಾನೂ ಅಲ್ಲ" ಎಂದೆ. "ಬಾ, ಊಟಕ್ಕೆ ಮುಂಚೆ ಸೂಜಿ ಹಾಕೋಣ. ಇವತ್ತು ಸಿರಿಂಜು ಈ ಕಡೆ ನೀನು ಹಿಡ್ಕೊ."