ಅಂಚಿನಲ್ಲಿ ಬರೆದ ಹೆಸರು

ನಮ್ಮ ಚಿಕ್ಕಮ್ಮ ಪುಸ್ತಕ ಬೈಂಡ್ ಮಾಡುವವಳು. ಬಾಯಿ ಜೋರು, ಕೈ ಅದಕ್ಕಿಂತ ಜೋರು. ಮೂವತ್ತು ವರ್ಷದಲ್ಲಿ ಒಂದು ಹಾಳೆಯನ್ನೂ ಕಳೆದವಳಲ್ಲ. ಹಾಗಂತ ಕೇಳದವರಿಗೂ ಹೇಳುತ್ತಾಳೆ. ಚಿಕ್ಕಪ್ಪ ತದ್ವಿರುದ್ಧ. ಎರಡು ಸಲ ಕರೆದರೆ ಒಮ್ಮೆ ತಿರುಗುವ ಮನುಷ್ಯ. ಯಾಕೆಂದರೆ ನಾವು ಕರೆಯುತ್ತಿದ್ದ ಹೆಸರು ಅವರದಲ್ಲ. ಗಡಿಯಾಚೆ ಅಚ್ಚುಕೂಟ ನಡೆಸುತ್ತಿದ್ದವರು, ಅಲ್ಲಿನ ಸರ್ಕಾರವನ್ನು ಟೀಕಿಸಿದ ಕರಪತ್ರ ಅಚ್ಚು ಹಾಕಿದ್ದಕ್ಕೆ ಕೊಲೆಯ ಸುಳ್ಳು ಕೇಸು ಬಿದ್ದು, ಇಪ್ಪತ್ತೆರಡು ವರ್ಷದ ಹಿಂದೆ ಉಟ್ಟ ಬಟ್ಟೆಯಲ್ಲೇ ಓಡಿಬಂದಿದ್ದರು.

ಈ ವರ್ಷ ಎರಡು ಸರ್ಕಾರಗಳೂ ಕೈ ಕುಲುಕಿದವು. ಅವರು ಕೇಳಿದವರನ್ನು ಇವರು ಹಿಡಿದು ಒಪ್ಪಿಸಬೇಕಂತೆ. ಸಾಕ್ಷಿ ಎಲ್ಲಿ ಅಂತ ಇಲ್ಲಿನ ಕೋರ್ಟು ಕೇಳುವ ಹಾಗಿಲ್ಲವಂತೆ. ಇದ್ಯಾವ ಸೀಮೆಯ ನ್ಯಾಯ! ಊರಿಗೆ ಊರೇ ವಿರೋಧಿಸಿತು. ಈ ಒಪ್ಪಂದ ಬೇಡವೆಂದು ಸಹಿ ಸಂಗ್ರಹಿಸಿದ ವಕೀಲಮ್ಮ ಒಂದು ಬೆಳಿಗ್ಗೆ ಹಾಳೆಗಳ ಕಟ್ಟು ತಂದು ಚಿಕ್ಕಮ್ಮನ ಮೇಜಿನ ಮೇಲಿಟ್ಟರು. ಬೈಂಡ್ ಆಗದ ಮನವಿಯನ್ನು ಸಂಸತ್ತಿನ ಕಚೇರಿ ಮುಟ್ಟುವುದಿಲ್ಲ. ಸಂಜೆಯೊಳಗೆ ಬೇಕಿತ್ತು. ನಾನೂ ಆಫೀಸಿಗೆ ರಜೆ ಹಾಕಿ ಕೈ ಜೋಡಿಸಿದೆ.

ಹಾಳೆಗಳ ಅಂಚು ಸಮ ಮಾಡುತ್ತಿದ್ದ ಚಿಕ್ಕಮ್ಮ ತಟ್ಟನೆ ನಿಂತಳು. ನೂರಾ ಹದಿನಾಲ್ಕನೇ ಹಾಳೆ. ಸಾಲುಗಳೆಲ್ಲ ತುಂಬಿದ್ದರಿಂದ ಎಡಗಡೆಯ ಅಂಚಿನಲ್ಲಿ ಉದ್ದಕ್ಕೆ ಬರೆದಿತ್ತು: ಚಿಕ್ಕಪ್ಪನ ನಿಜವಾದ ಹೆಸರು, ಪಕ್ಕದಲ್ಲಿ ಈ ಮನೆಯ ವಿಳಾಸ.

"ರೀ, ತಲೆ ನೆಟ್ಟಗಿದೆಯಾ ನಿಮಗೆ? ಬಂದು ಹಿಡ್ಕೊಂಡು ಹೋಗಿ ಅಂತ ವಿಳಾಸ ಬೇರೆ ಕೊಟ್ಟಿದೀರಲ್ಲ!"

ಚಿಕ್ಕಪ್ಪ ಅಂಟಿನ ಬ್ರಷ್ ತೊಳೆಯುತ್ತಿದ್ದರು. "ಸುಳ್ಳು ಹೆಸರೇ ಬರೆಯೋಕೆ ಹೋದೆ ಕಣೇ. ಕೈ ಬರಲಿಲ್ಲ."

ಹರಿದು ಹಾಕೋಣವೆಂದರೆ ಅದೇ ಹಾಳೆಯಲ್ಲಿ ಇನ್ನೂ ಇಪ್ಪತ್ತು ಜನರ ಸಹಿ. ಕೊನೆಗೆ ಚಿಕ್ಕಮ್ಮ ತನ್ನ ವಿದ್ಯೆಯನ್ನೇ ನೆಚ್ಚಿದಳು. ಸೂಜಿಯನ್ನು ಅಂಚಿನಿಂದ ಎರಡು ಬೆರಳು ಒಳಗೆ ಇಳಿಸಿ, ಆ ಹೆಸರು ಹೊಲಿಗೆಯೊಳಗೆ ಮುಚ್ಚಿಹೋಗುವಂತೆ ಬಿಗಿದಳು. ಪುಸ್ತಕವನ್ನು ಎಷ್ಟು ಅಗಲಿಸಿದರೂ ಕಾಣದು. ಊಟಕ್ಕೆ ಏಳಲಿಲ್ಲ. ಬೀದಿಯಲ್ಲಿ ಗಾಡಿ ನಿಂತ ಸದ್ದಾದಾಗೆಲ್ಲ ಬೆರಳಿಗೆ ಸೂಜಿ ಚುಚ್ಚಿಕೊಂಡಳು.

ಸಂಜೆ ವಕೀಲಮ್ಮ ಪುಸ್ತಕ ತಟ್ಟಿ ನೋಡಿದರು. "ಅಬ್ಬಾ, ಏನ್ ಗಟ್ಟಿ ಅಕ್ಕಾ! ಅಯ್ಯೋ, ನಾಳೆ ಅಲ್ಲಿ ಇದರ ಬೆನ್ನು ಕತ್ತರಿಸಿಬಿಡ್ತಾರೆ. ಒಂದೊಂದೇ ಹಾಳೆ ಸ್ಕ್ಯಾನ್ ಮಾಡ್ಬೇಕಲ್ಲ."

ಬೇರೆ ದಿನವಾಗಿದ್ದರೆ ಚಿಕ್ಕಮ್ಮ ಕತ್ತರಿಸುವವರ ಜನ್ಮ ಜಾಲಾಡುತ್ತಿದ್ದಳು. ಅಂದು ಸ್ಟೂಲಿನ ಮೇಲೆ ಕುಸಿದು ಎಲ್ಲ ಹೇಳಿಬಿಟ್ಟಳು. ವಕೀಲಮ್ಮ ಪುಸ್ತಕವನ್ನು ಮತ್ತೆ ಮೇಜಿನ ಮೇಲಿಟ್ಟರು.

"ಆ ಹಾಳೆ ತೆಗೆದುಬಿಡಿ ಅಕ್ಕಾ. ಆ ಇಪ್ಪತ್ತು ಜನರ ಹತ್ರ ನಾನೇ ಹೋಗಿ ಮತ್ತೆ ಸಹಿ ಹಾಕಿಸ್ತೀನಿ."

"ತೆಗಿ," ಅಂದರು ಚಿಕ್ಕಪ್ಪ, ಹೆಂಡತಿಯ ಕಡೆ ತಿರುಗಿ. "ನಿನ್ನನ್ನ ಹೀಗೆ ನೋಡೋಕೆ ನನ್ನ ಕೈಲಾಗಲ್ಲ. ಆ ಹೆಸರಿನೋನು ಸತ್ತ ಅಂದ್ಕೋ."

ಚಿಕ್ಕಮ್ಮ ಹೊಲಿಗೆ ಬಿಚ್ಚಿ ಹಾಳೆ ತೆಗೆದಳು. ವಕೀಲಮ್ಮ ಕೈ ಚಾಚಿದರೂ ಕೊಡಲಿಲ್ಲ.

"ಸತ್ತನಂತೆ! ಹಾಗಾದ್ರೆ ನಾನು ಇಷ್ಟು ವರ್ಷ ಯಾರ ಜೊತೆ ಸಂಸಾರ ಮಾಡಿದ್ದು?"

ಅಳು, ಸಿಟ್ಟು ಎರಡೂ ಒಟ್ಟಿಗೇ ಬಂದಿದ್ದವು. ವಕೀಲಮ್ಮನ ಪೆನ್ನು ಕಿತ್ತುಕೊಂಡು ಬಲಗಡೆಯ ಅಂಚಿನಲ್ಲಿ ತನ್ನ ಹೆಸರು ಬರೆದಳು. ಅದರ ಪಕ್ಕದಲ್ಲಿ ಗಂಡನ ಹೆಸರನ್ನೂ ಸೇರಿಸಿದಳು. ಮದುವೆಯಾದ ಮೇಲೆ ಮೊದಲ ಸಲ, ನಿಜವಾದದ್ದನ್ನೇ. ಆಮೇಲೆ ಹಾಳೆಯನ್ನು ಅದರ ಜಾಗದಲ್ಲೇ ಇಟ್ಟು, ಸೂಜಿಗೆ ದಾರ ಪೋಣಿಸಿಕೊಡು ಅಂತ ನನ್ನನ್ನು ಕರೆದಳು.