ಖಾಲಿ ಡಬ್ಬಿ ಕಳಿಸಬಾರದು

ಬೀದರ್ ಬಿಟ್ಟು ಭಾಲ್ಕಿಯ ಬಾಡಿಗಿ ಮನಿಗೆ ಸಾಮಾನು ಇಳಿಸಿದ ದಿನ, ನಮ್ಮ ಒಲಿ ಯಾವ ಗಂಟಿನೊಳಗ ಅದ ಅಂತ ನನಗೇ ಗೊತ್ತಿರಲಿಲ್ಲ. ಕೆಳಗಿದ್ದ ಮನಿ ಮಾಲಕಿ ಗೌರಮ್ಮ ರೊಟ್ಟಿ, ಶೇಂಗಾ ಚಟ್ನಿ ಕೊಟ್ಟು ಹೋದರು. ಬೆನ್ನಿಗೇ ಎದುರು ಮನಿ ಟೀಚರಮ್ಮ ಡಬ್ಬಿ ತುಂಬ ಪುಂಡಿಪಲ್ಯ ತಂದರು.

ಬಂದ ಡಬ್ಬಿ ಖಾಲಿ ಕಳಿಸಿದರ ನಮ್ಮ ಕಡಿ ಮರ್ಯಾದಿ ಹೋದಂಗ. ಸಕ್ಕರಿಯನ್ನಾದರೂ ಹಾಕೋಣ ಅಂದರ ಅದರ ಚೀಲ ಸಿಗವಲ್ದು. ಕಡಿಗಿ ಗೌರಮ್ಮನ ಚಟ್ನಿಯನ್ನೇ ಡಬ್ಬಿಗಿ ಹಾಕಿ, 'ನಮ್ಮ ಮನೀದ್ರಿ' ಅಂತ ಟೀಚರಮ್ಮಗ ಕೊಟ್ಟು ಬಂದೆ.

ಸಂಜಿಗಿ ಗೌರಮ್ಮ ಮ್ಯಾಲ ಬಂದರು. ಕೈಯಾಗ ಒಂದು ಬಟ್ಟಲು.

'ನಿಮ್ಮ ಚಟ್ನಿ ಟೀಚರಮ್ಮ ನಮಗೂ ಕೊಟ್ಟಾರ್ರಿ. ಛಲೋ ಆಗ್ಯಾದ. ಖರೇ ಹೇಳ್ಲೇನ್ರಿ? ಉಪ್ಪು ಜರಾ ಜಾಸ್ತಿ ಅದ.'

ನಾನು ಅವರ ಮುಖಾನೇ ನೋಡಿದೆ. ನಗುವಿನ ಗುರುತೇ ಇಲ್ಲ.

'ಹೌದ್ರಿ, ಮುಂದಿನ ಸಲ ಕಮ್ಮಿ ಹಾಕ್ತೇನಿ' ಅಂದೆ.

ಅವರಿಗೆ ಗೊತ್ತಾಗಿತ್ತೋ ಇಲ್ಲೋ, ಕೇಳೋ ಧೈರ್ಯ ನನಗ ಇವತ್ತಿಗೂ ಬಂದಿಲ್ಲ. ಆದರ ಮುಂದಿನ ವಾರ ಗೌರಮ್ಮ ಕಳಿಸಿದ ಚಟ್ನಿಯೊಳಗ ಉಪ್ಪು ಹದವಾಗಿತ್ತು.