ನಂಬರ್ ಪ್ಲೇಟಿನ ಮೇಲಿನ ಭಂಡಾರ

ಆ ಕಪ್ಪು ಬಣ್ಣದ ಡಬ್ಬಿ ನನ್ನ ಮನೆಯದೇ. ಬಾಗಿಲಿಗೆ ಹಚ್ಚಿ ಉಳಿದದ್ದು. ಕೈಯಾರೆ ತೆಗೆದುಕೊಟ್ಟವಳೂ ನಾನೇ, ಸುಳ್ಳು ಯಾಕೆ ಹೇಳಲಿ?

ಗಡಿ ತಕರಾರು ಮತ್ತೆ ಎದ್ದಿತ್ತು. ಕೊಲ್ಲಾಪುರಕ್ಕೆ ಕೊಟ್ಟ ನನ್ನ ಮಗಳು ಅಂದು ಬೆಳಿಗ್ಗೆ ಕೈಗೂಸು ಎತ್ತಿಕೊಂಡು ನಮ್ಮ ಸರ್ಕಾರಿ ಬಸ್ಸಿನಲ್ಲಿ ಬೈಲಹೊಂಗಲದ ಕಡೆ, ತವರಿಗೆ ಹೊರಟಿದ್ದಳು. ಗಡಿಯಾಚೆ ಕರ್ನಾಟಕದ ಬಸ್ಸುಗಳಿಗೆ ಕಲ್ಲು ಬಿದ್ದವೆಂದು ಟಿವಿ ಹೇಳಿತು. ಅವಳ ಫೋನು ಬಂದ್. ನನ್ನ ತಲೆ ಕೆಟ್ಟುಹೋಯಿತು. ಊರ ಹುಡುಗರು ಮಹಾರಾಷ್ಟ್ರದ ಗಾಡಿಗಳಿಗೆ ಮಸಿ ಬಳಿಯಲು ಹೊರಟಿದ್ದರು. "ಒಯ್ರಿ, ಗಾಜಿಗೂ ಹಚ್ಚರಿ!" ಎಂದು ಡಬ್ಬಿ ಕೊಟ್ಟೆ. ಹಿಂದೆಯೇ ನಾನೂ ಹೋದೆ.

ಸಿಕ್ಕಿದ್ದು ಒಂದು ಜೀಪು. ಸವದತ್ತಿ ಎಲ್ಲಮ್ಮನ ಗುಡ್ಡದಿಂದ ಮರಳುತ್ತಿದ್ದ ಹೆಂಗಸರು, ಹಣೆ ತುಂಬ ಅರಿಶಿನದ ಭಂಡಾರ. ಅಂಜಿ ಮುದ್ದೆಯಾಗಿದ್ದರು. ಅಷ್ಟರಲ್ಲಿ ಊರ ಗೌಡ, ನಮ್ಮ ದೊಡ್ಡಪ್ಪ, ಮರಾಠಿ ಓಣಿಯ ಹಿರಿಯ ಸಿಂಪಿಗ ಕಾಕಾನ ಕೈ ಹಿಡಿದು ಬಂದ. ಎಲ್ಲಿ ಗದ್ದಲವಾದರೂ ಇಬ್ಬರೂ ಕೂಡಿಯೇ ಹೋಗುವುದು ಅವರ ರೂಢಿ. ಒಬ್ಬನೇ ಹೋದರೆ ಪಕ್ಷ ವಹಿಸಿದ ಎಂದು ಜನ ಅಂದಾರಲ್ಲ.

ಬೈಯುತ್ತಾನೆ ಅಂದುಕೊಂಡೆ. ದೊಡ್ಡಪ್ಪ ಹುಡುಗರತ್ತ ನೋಡಲೂ ಇಲ್ಲ. ಕಾಕಾ ಜೀಪಿನ ಮುದುಕಿಯೊಬ್ಬಳನ್ನು ಮರಾಠಿಯಲ್ಲಿ ಕೇಳಿ ಒಂದು ಹಿಡಿ ಭಂಡಾರ ಇಸಿದುಕೊಂಡ. ದೊಡ್ಡಪ್ಪ ಅದನ್ನು ನಂಬರ್ ಪ್ಲೇಟಿಗೆ ದಪ್ಪಗೆ ಹಚ್ಚಿ ಕೈ ಮುಗಿದ.

"ಈಗ ಹಚ್ಚರಲೇ ಮಸಿ. ಎಲ್ಲವ್ವನ ಭಂಡಾರದ ಮ್ಯಾಲೆ ಹಚ್ಚೋ ಗಂಡಸು ಯಾರದೀರಿ, ಮುಂದ ಬರ್ರಿ."

ಬ್ರಷ್ ಹಿಡಿದವನು ಅದನ್ನು ಬೆನ್ನ ಹಿಂದೆ ಮುಚ್ಚಿಟ್ಟ. ಇನ್ನೊಬ್ಬ ಗಲ್ಲ ಗಲ್ಲ ಬಡಿದುಕೊಂಡ.

ಮುಂದಿನ ದಾರಿಯ ಗದ್ದಲ ತಣ್ಣಗಾಗುವ ತನಕ ದೊಡ್ಡಪ್ಪ ಹೆಂಗಸರನ್ನು ಕಟ್ಟೆಯ ಮೇಲೆ ಕೂರಿಸಿದ. "ಯಾಕ್ರಿ ಬಾಯಿ, ಅಳಾಕತ್ತೀರಿ?" ಎಂದು ಆ ಮುದುಕಿ ಗಡಿ ಸೀಮೆಯ ಕನ್ನಡದಲ್ಲಿ ನನ್ನನ್ನೇ ಕೇಳಿದಳು. ಕೈಗೂಸಿನೊಂದಿಗೆ ಹೊರಟ ಮಗಳ ಸುದ್ದಿ ಹೇಳಿ, ಬಸ್ಸುಗಳು ನಿಂತಿವೆ ಎಂದು ಟಿವಿಯಲ್ಲಿ ಬಂದ ಊರಿನ ಹೆಸರು ಹೇಳಿದೆ.

"ಅಯ್ಯ, ನಮ್ಮ ಮಗ್ಗಲ ಊರರೀ ಅದು! ತಡೀರಿ, ನನ್ನ ತಮ್ಮಗ ಫೋನ್ ಹಚ್ಚತೇನಿ. ಕೈಗೂಸಿನಾಕಿ, ಬೈಲಹೊಂಗಲದಾಕಿ ಅಂದ್ರ ಹುಡುಕತಾನ."

ಅವಳ ಮುಖ ನೋಡಲಾಗದೆ ಮನೆಗೆ ಬಂದೆ. ನಾಚಿಕೆಯಿಂದ ಸತ್ತೇ ಹೋಗಿದ್ದೆ. ಒಂದು ತಾಸಾದ ಮೇಲೆ ಗೊತ್ತಿಲ್ಲದ ನಂಬರಿನಿಂದ ಫೋನು ಬಂತು.

"ಅವ್ವಾ, ಆರಾಮ್ ಅದೇನಿ. ಯಾರೋ ಮಾಮಾ ಬಂದು ಬಸ್ಸಿಂದ ಇಳಿಸಿ ಮನಿಗೆ ಕರಕೊಂಡ ಬಂದಾರ. ಬಿಸಿ ರೊಟ್ಟಿ ಉಣಿಸಿದ್ರು. ಕೂಸು ಮಲಗೇತಿ."

ಹೋದ ಜೀವ ಬಂತು. ಅಳುವೂ ನಗುವೂ ಕೂಡಿಯೇ ಬಂದವು.

"ಅವ್ವಾ, ಇವರ ಅಕ್ಕಾರು ನಮ್ಮೂರಾಗ ಅದಾರಂತಲ್ಲ. ಅವರದು ಊಟ ಆತೇನು ಅಂತ ಕೇಳಾಕತ್ತಾರ."

"ಆತವ್ವಾ, ಈಗ ಉಂಡ್ರು," ಎಂದೆ. ಹಸಿ ಸುಳ್ಳು. ಫೋನಿಟ್ಟವಳೇ ಬರಿಗಾಲಲ್ಲಿ ರಸ್ತೆಗೆ ಓಡಿದೆ. ಜೀಪು ಆಗಲೇ ಹೊರಟಿತ್ತು. ಎರಡೂ ಕೈ ಚಾಚಿ ಅಡ್ಡ ನಿಂತೆ. ಡ್ರೈವರ್ ಗಾಬರಿಬಿದ್ದು ಬ್ರೇಕ್ ಹಾಕಿದ. ಮುದುಕಿ ಹೊರಗೆ ತಲೆ ಹಾಕಿ, "ಮತ್ತೇನಾತ್ರೀ ಬಾಯಿ?" ಎಂದಳು.

"ಇಳೀರಿ ಎಲ್ಲಾರೂ. ಉಣ್ಣೋತನಕ ಗಾಡಿ ಬಿಡಂಗಿಲ್ಲ," ಎಂದೆ.